ಪಾರ್ಟಿಗೆ ಓವನ್‌ನಲ್ಲಿ ತರಕಾರಿ ಸ್ಟಾರ್ಟರ್: ಗರಿಗರಿಯಾಗಿ ಮಾಡುವುದು ಹೇಗೆ?

"ಓವನ್‌ನಿಂದ ತೆಗೆದಾಗ ಚೆನ್ನಾಗಿಯೇ ಇರುತ್ತೆ, ಹತ್ತು ನಿಮಿಷಕ್ಕೆಲ್ಲ ಮೆತ್ತಗಾಗಿಬಿಡುತ್ತೆ. ಯಾಕೆ?" ಪಾರ್ಟಿ ತಿಂಡಿಯ ಮಾತು ಬಂದಾಗಲೆಲ್ಲ ಓದುಗರು ಕೇಳುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಹಿಂದಿನ ದಿನವೇ ಮಾಡಿಟ್ಟರೆ ಆಗುತ್ತಾ?" ಎರಡಕ್ಕೂ ಉತ್ತರ ತರಕಾರಿಯೊಳಗಿನ ನೀರಿನಲ್ಲಿದೆ.

ಅಣಬೆ, ಹೂಕೋಸು, ಬದನೆಕಾಯಿ, ಕ್ಯಾಪ್ಸಿಕಂ, ಇವೆಲ್ಲದರ ತೂಕದಲ್ಲಿ ಶೇಕಡಾ 90ಕ್ಕಿಂತ ಜಾಸ್ತಿ ಬರೀ ನೀರು. ಆಲೂಗಡ್ಡೆಯಲ್ಲೂ ಸುಮಾರು 80. ಮೇಲ್ಮೈಯಲ್ಲಿ ನೀರಿನ ಪಸೆ ಇರುವಷ್ಟು ಹೊತ್ತು ಅದರ ಬಿಸಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲುತ್ತದೆ. ತರಕಾರಿ ಕೆಂಪಗಾಗಿ ಒಳ್ಳೆಯ ಘಮ ಬರಬೇಕಾದರೆ ಸುಮಾರು 140 ಡಿಗ್ರಿ ದಾಟಬೇಕು. ಕರಿಯುವಾಗ ಕಾದ ಎಣ್ಣೆ ಸುತ್ತಲಿಂದಲೂ ಮುತ್ತಿ ನೀರನ್ನು ಬೇಗ ಓಡಿಸುತ್ತದೆ. ಓವನ್‌ನ ಬಿಸಿಗಾಳಿಗೆ ಅಷ್ಟು ಜೋರಿಲ್ಲ, ಹಾಗಾಗಿ ಅರ್ಧ ಕೆಲಸ ನಾವೇ ಮೊದಲು ಮಾಡಿಕೊಡಬೇಕು. ಮುಂದಿನ ಹಂತಗಳಲ್ಲಿ ಹೆಚ್ಚಿನವು ಅದಕ್ಕೇ ಸಂಬಂಧಿಸಿದವು.

ಹಂತ 1: ಎಷ್ಟು ಮಾಡಬೇಕು, ಏನು ಮಾಡಬೇಕು

ಸ್ಟಾರ್ಟರ್ ಆದ ಮೇಲೆ ಊಟ ಇದ್ದರೆ ಒಬ್ಬರಿಗೆ 4ರಿಂದ 6 ತುಂಡು ಸಾಕು. ಊಟ ಇಲ್ಲದೆ ಬರೀ ತಿಂಡಿಯಲ್ಲೇ ಮುಗಿಸುವ ಪಾರ್ಟಿಯಾದರೆ 10ರಿಂದ 12 ತುಂಡು ಲೆಕ್ಕ ಹಾಕಿ.

12 ಮಂದಿಗೆ ಮೂರು ಬಗೆ ಧಾರಾಳವಾಯಿತು. ಐದಾರು ಬಗೆ ಮಾಡುವ ಆಸೆ ಬರುತ್ತದೆ, ಬೇಡ. ಓವನ್ ಒಂದೇ ಇರುವುದು, ಅಲ್ವಾ? ಬಗೆ ಹೆಚ್ಚಾದಂತೆ ಒಂದೊಂದಕ್ಕೂ ಬೇರೆ ಬೇರೆ ಬಿಸಿ, ಬೇರೆ ಬೇರೆ ಸಮಯ. ಕೊನೆಗೆ ಎಲ್ಲವೂ ಅರೆಬರೆ. ನನ್ನ ಸಲಹೆ ಇಷ್ಟು: ಹೂರಣ ತುಂಬಿದ್ದು ಒಂದು, ಗರಿಗರಿ ಹೊದಿಕೆಯದ್ದು ಒಂದು, ತಳ ಮಾತ್ರ ಬೇಯಿಸಿಟ್ಟು ಮೇಲಿನ ಅಲಂಕಾರವನ್ನು ಕೊನೆಗೆ ಇಡುವಂಥದ್ದು ಒಂದು. ಕೆಳಗೆ ಕೊಟ್ಟಿರುವ ಮೂರೂ ಹಾಗೇ ಇವೆ. 12 ಮಂದಿಗೆ ಒಟ್ಟು 70ರಿಂದ 80 ತುಂಡು ಆಗುತ್ತದೆ.

ಒಂದು ಕೈಯಲ್ಲಿ ಲೋಟ ಹಿಡಿದು ನಿಂತವರು ಇನ್ನೊಂದು ಕೈಯಲ್ಲಿ ತಿನ್ನುತ್ತಾರೆ. ಒಂದು ಅಥವಾ ಎರಡು ತುತ್ತಿಗೆ ಮುಗಿಯುವ ಗಾತ್ರವೇ ಸರಿ. ಅದಕ್ಕಿಂತ ದೊಡ್ಡದಾದರೆ ಒಳಗಿನ ಹೂರಣ ಬಟ್ಟೆ ಮೇಲೆ ಬೀಳುವುದು ಖಚಿತ.

ಹಂತ 2: ಸಾಮಾನು ಮತ್ತು ಓವನ್

ಬೇಕಾಗುವುದು ಹೆಚ್ಚೇನಿಲ್ಲ. ಅಂಚು ಗಿಡ್ಡವಾಗಿರುವ ಎರಡು ಲೋಹದ ಟ್ರೇ, ಬೇಕಿಂಗ್ ಪೇಪರ್, ತಂತಿಯ ಜಾಲರಿ, ಎರಡು ಮೂರು ಒಣ ಹತ್ತಿ ಬಟ್ಟೆ, ಎಣ್ಣೆ ಸವರಲು ಬ್ರಷ್. ಅಂಚು ಎತ್ತರವಿರುವ ಕೇಕ್ ಪಾತ್ರೆ ಈ ಕೆಲಸಕ್ಕೆ ಬೇಡ, ಹಬೆ ಅದರೊಳಗೇ ನಿಲ್ಲುತ್ತದೆ.

ಬೇಕಿಂಗ್ ಪೇಪರ್ ಅಂದರೆ ಬಿಸಿ ತಾಳುವ, ಅಂಟದ ಕಾಗದ. ಎಷ್ಟು ಡಿಗ್ರಿ ತಾಳುತ್ತದೆ ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ, ನೋಡಿಕೊಳ್ಳಿ. ನೋಡಲು ಹಾಗೇ ಇರುವ ಮೇಣದ ಕಾಗದವನ್ನು ಓವನ್‌ಗೆ ಹಾಕಲೇಬೇಡಿ. ಮೇಣ ಕರಗುತ್ತದೆ, ಹೊಗೆ ಬರುತ್ತದೆ. ಟೊಮ್ಯಾಟೊ, ನಿಂಬೆರಸದಂಥ ಹುಳಿ ಇದ್ದರೆ ಅಲ್ಯೂಮಿನಿಯಂ ಫಾಯಿಲ್ ಕೂಡ ಬೇಡ, ಹುಳಿ ಲೋಹಕ್ಕೆ ತಾಗಿ ರುಚಿ ಕೆಡುತ್ತದೆ.

ಓವನ್ ಬಗ್ಗೆ ಮೂರು ಮಾತು ಹೇಳಬೇಕು.

ಮೊದಲನೆಯದು, ಪೂರ್ತಿ ಕಾಯಿಸಿ. ಸಣ್ಣ ಓಟಿಜಿಗೆ (ಮೇಜಿನ ಮೇಲಿಡುವ ವಿದ್ಯುತ್ ಓವನ್) 10ರಿಂದ 15 ನಿಮಿಷ, ದೊಡ್ಡ ಓವನ್‌ಗೆ 20 ನಿಮಿಷ. ದೀಪ ಆರಿತು ಎಂದರೆ ಒಳಗಿನ ಗಾಳಿ ಕಾದಿದೆ ಎಂದಷ್ಟೇ ಅರ್ಥ, ಗೋಡೆಗಳು ಕಾಯಲು ಇನ್ನೂ ಸ್ವಲ್ಪ ಹೊತ್ತು ಬೇಕು. ಎರಡನೆಯದು, ಒಳಗೆ ಫ್ಯಾನ್ ತಿರುಗುವ ಓವನ್ ಆದರೆ ಇಲ್ಲಿ ಹೇಳಿದ್ದಕ್ಕಿಂತ 20 ಡಿಗ್ರಿ ಕಡಿಮೆ ಇಡಿ. ಇಲ್ಲಿರುವ ಎಲ್ಲ ಅಂಕಿಗಳೂ ಫ್ಯಾನ್ ಇಲ್ಲದ, ಮೇಲೆ ಕೆಳಗೆ ಎರಡೂ ಕಡೆ ಬಿಸಿ ಕೊಡುವ ಓವನ್‌ಗೆ. ಮೂರನೆಯದು, ಮೈಕ್ರೋವೇವ್ ಇರುವವರು ಕನ್ವೆಕ್ಷನ್ ಮೋಡ್ ಬಳಸಿ, ಅಂದರೆ ಬಿಸಿಗಾಳಿ ಸುತ್ತಿಸುವ ಮೋಡ್. ಬರೀ ಮೈಕ್ರೋವೇವ್ ಮೋಡ್‌ನಲ್ಲಿ ತರಕಾರಿ ಬೇಯುತ್ತದೆ, ಕೆಂಪಗಾಗುವುದಿಲ್ಲ. ಆ ಮೋಡ್‌ನಲ್ಲಿ ಲೋಹದ ಟ್ರೇ ಇಡುವುದು ಅಪಾಯ ಕೂಡ.

ಓವನ್‌ಗಳು ಹೇಳಿದಷ್ಟೇ ಬಿಸಿ ಇರುತ್ತವೆ ಎಂದು ನಂಬಬೇಡಿ. ಇಲ್ಲಿನ ನಿಮಿಷದ ಲೆಕ್ಕಕ್ಕಿಂತ ಬಣ್ಣ ನೋಡಿ ತೀರ್ಮಾನಿಸುವುದು ಒಳ್ಳೆಯದು. ಏರ್ ಫ್ರೈಯರ್ ಬಳಸುವವರು ಇನ್ನೂ ಬೇಗ ಇಣುಕಿ ನೋಡಬೇಕು. ಅದರೊಳಗಿನ ಜಾಗ ಚಿಕ್ಕದು, ಗಾಳಿ ಜೋರು.

ಹಂತ 3: ನೀರು ತೆಗೆಯುವುದು

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಹೆಚ್ಚಿನವರು ಬಿಟ್ಟುಬಿಡುವ ಹಂತವೂ ಇದೇ. ಒಂದೊಂದು ತರಕಾರಿಯ ನೀರು ಒಂದೊಂದು ರೀತಿಯಲ್ಲಿ ಹೊರಬರುತ್ತದೆ.

ಹೂಕೋಸಿನ ನೀರು ಒಳಗಿಗಿಂತ ಹೊರಗೆ ಕಾಟ ಕೊಡುತ್ತದೆ. ಉಪ್ಪು ನೀರಿನಲ್ಲಿ ನೆನೆಸಿ ತೊಳೆದ ಮೇಲೆ ಹೂವಿನ ಸಂದಿಯಲ್ಲೆಲ್ಲ ನೀರು ಕೂತಿರುತ್ತದೆ. ಜಾಲರಿಯಲ್ಲಿ ಸೋಸಿದರೆ ಸಾಲದು. ತಲೆಕೆಳಗಾಗಿ ಬಟ್ಟೆಯ ಮೇಲೆ ಹರಡಿ, ಕಡಿಮೆ ಎಂದರೂ ಅರ್ಧ ಗಂಟೆ ಫ್ಯಾನ್ ಕೆಳಗೆ ಬಿಡಿ. ಬೆಳಗ್ಗೆಯೇ ತೊಳೆದಿಟ್ಟರೆ ಇನ್ನೂ ಒಳ್ಳೆಯದು.

ಬದನೆಕಾಯಿ, ಜುಕಿನಿ (ಸೌತೆಕಾಯಿಯಂತೆ ಕಾಣುವ ಎಳೆ ಕುಂಬಳದ ಜಾತಿ) ಇವಕ್ಕೆ ಉಪ್ಪಿನ ಮದ್ದು. ಒಂದು ಸೆಂಟಿಮೀಟರ್ ದಪ್ಪದ ಬಿಲ್ಲೆ ಮಾಡಿ, ಅರ್ಧ ಕಿಲೋಗೆ ಒಂದು ಟೀ ಚಮಚದಷ್ಟು ಉಪ್ಪು ಸವರಿ, 20ರಿಂದ 30 ನಿಮಿಷ ಬಿಡಿ. ಮೇಲೆ ಹನಿ ಹನಿ ನೀರು ಮೂಡುತ್ತದೆ. ಬಟ್ಟೆಯಿಂದ ಒತ್ತಿ ಒರೆಸಿ. ಆಮೇಲೆ ಮತ್ತೆ ಉಪ್ಪು ಹಾಕಬೇಡಿ! ಈ ತಪ್ಪು ತುಂಬಾ ಸಾಮಾನ್ಯ.

ಅಣಬೆಯದು ಬೇರೆಯೇ ಕಥೆ. ಅದರ ನೀರು ಹೊರಬರುವುದು ಬಿಸಿ ತಾಗಿದ ಮೇಲೆ. ಹಸಿ ಅಣಬೆಗೆ ಹೂರಣ ತುಂಬಿ ಓವನ್‌ಗೆ ಇಟ್ಟರೆ ಆ ನೀರೆಲ್ಲ ಹೂರಣದೊಳಗೇ ಸೇರುತ್ತದೆ. ಅದಕ್ಕೆ ಮೊದಲು ಖಾಲಿ ಅಣಬೆಯನ್ನು ಬೇಯಿಸಿ, ನೀರು ಚೆಲ್ಲಿ, ಆಮೇಲೆ ತುಂಬಬೇಕು. ಅಂದಹಾಗೆ, ಅಣಬೆಯನ್ನು ತೊಳೆಯಲೇಬಾರದು ಎಂಬ ಮಾತು ಅತಿಯಾಯಿತು. ಓಡುವ ನೀರಿನಲ್ಲಿ ಬೇಗ ತೊಳೆದು ಕೂಡಲೇ ಒರೆಸಿದರೆ ಏನೂ ಆಗುವುದಿಲ್ಲ. ನೀರಿನಲ್ಲಿ ನೆನೆಹಾಕಬಾರದು, ಅಷ್ಟೇ.

ಕ್ಯಾಪ್ಸಿಕಂನ ಸಿಪ್ಪೆ ಗಟ್ಟಿ, ನೀರು ನಿಧಾನಕ್ಕೆ ಬಿಡುತ್ತದೆ. ದೋಣಿಯಂತೆ ಕತ್ತರಿಸಿ ಹೂರಣ ತುಂಬುವುದಾದರೆ 8 ನಿಮಿಷ ಬೋರಲು ಹಾಕಿ ಬೇಯಿಸಿಕೊಂಡರೆ ಸಾಕು. ಟೊಮ್ಯಾಟೊ ಬಳಸಿದರೆ ಒಳಗಿನ ಬೀಜ, ರಸ ಎರಡನ್ನೂ ತೆಗೆದುಬಿಡಿ.

ಚೀಸ್‌ನಲ್ಲೂ ನೀರಿದೆ ಎಂಬುದು ಮರೆಯಬಾರದು. ನೀರಿನಲ್ಲಿ ತೇಲುತ್ತಾ ಬರುವ ತಾಜಾ ಮೊಝರೆಲ್ಲಾ ಈ ಕೆಲಸಕ್ಕೆ ಸರಿಹೋಗದು, ಪಿಜ್ಜಾಗೆ ಬಳಸುವ ಗಟ್ಟಿ ಚೀಸ್ ತೆಗೆದುಕೊಳ್ಳಿ. ಗಟ್ಟಿ ತುಂಡು ತಂದು ನೀವೇ ತುರಿದರೆ ಒಳ್ಳೆಯದು. ತುರಿದೇ ಬರುವ ಚೀಸ್‌ಗೆ ಸಾಮಾನ್ಯವಾಗಿ ಅಂಟದಿರಲೆಂದು ಪಿಷ್ಟದ ಪುಡಿ ಸವರಿರುತ್ತಾರೆ, ಅದು ನಯವಾಗಿ ಕರಗುವುದಿಲ್ಲ.

ಹಂತ 4: ಎಣ್ಣೆ, ಮಸಾಲೆ, ಟ್ರೇ ಜೋಡಣೆ

ಎಣ್ಣೆ ತೀರಾ ಕಡಿಮೆ ಮಾಡಿದರೆ ತರಕಾರಿ ಕೆಂಪಗಾಗುವ ಬದಲು ಬಾಡುತ್ತದೆ. ಅರ್ಧ ಕಿಲೋ ತರಕಾರಿಗೆ ಒಂದೂವರೆಯಿಂದ ಎರಡು ದೊಡ್ಡ ಚಮಚ ಬೇಕು. ಟ್ರೇ ಮೇಲೆ ಸುರಿಯಬೇಡಿ. ಬಟ್ಟಲಿನಲ್ಲಿ ಹಾಕಿ ಕೈಯಿಂದ ಕಲೆಸಿ, ಪ್ರತಿ ತುಂಡಿಗೂ ತೆಳುವಾಗಿ ಹತ್ತಬೇಕು.

ಹಸಿ ಬೆಳ್ಳುಳ್ಳಿ, ಜೇನುತುಪ್ಪ, ಸಕ್ಕರೆ ಇರುವ ಸಾಸ್ ಇವು ಮೂರೂ ಬೇಗ ಸೀಯುತ್ತವೆ. ಕೊನೆಯ 5 ನಿಮಿಷಕ್ಕೆ ಹಾಕಿ. ಮೊದಲೇ ಬೆಳ್ಳುಳ್ಳಿ ವಾಸನೆ ಬೇಕಿದ್ದರೆ ಒಣ ಬೆಳ್ಳುಳ್ಳಿ ಪುಡಿಯನ್ನು ಹಿಟ್ಟಿನಲ್ಲಿ ಕಲೆಸಿ.

ಟ್ರೇಯಲ್ಲಿ ತುಂಡು ತುಂಡಿಗೂ ಒಂದೆರಡು ಸೆಂಟಿಮೀಟರ್ ಜಾಗ ಇರಲಿ. ಬಸ್ಸಿನಲ್ಲಿ ಜನ ತುಂಬಿದ ಹಾಗೆ ಒತ್ತೊತ್ತಾಗಿ ತುಂಬಿದರೆ ಒಂದರ ಹಬೆ ಇನ್ನೊಂದನ್ನು ಒದ್ದೆ ಮಾಡುತ್ತದೆ. ಒಂದೇ ಟ್ರೇಗೆ ಎಲ್ಲವನ್ನೂ ತುರುಕುವ ಬದಲು ಎರಡು ಸಲ ಬೇಯಿಸಿ. ಎರಡು ಟ್ರೇ ಒಟ್ಟಿಗೆ ಇಟ್ಟರೆ ಅರ್ಧ ಸಮಯ ಆದಾಗ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಿ, ಹಿಂದುಮುಂದು ತಿರುಗಿಸಿ. ಕಪ್ಪು ಟ್ರೇ ಬೇಗ ಕಾಯುತ್ತದೆ, ಅದರ ತಳದ ಮೇಲೆ ಕಣ್ಣಿರಲಿ.

ಟ್ರೇ ಹಿಡಿಯಲು ಒಣ ಬಟ್ಟೆಯನ್ನೇ ಬಳಸಿ. ಒದ್ದೆ ಬಟ್ಟೆಯಲ್ಲಿ ಹಿಡಿದರೆ ಅದರ ನೀರು ಕ್ಷಣದಲ್ಲಿ ಹಬೆಯಾಗಿ ಕೈ ಸುಡುತ್ತದೆ. ಗಾಜಿನ ಪಾತ್ರೆ ಬಳಸುವವರು ಫ್ರಿಜ್‌ನಿಂದ ತೆಗೆದು ನೇರ ಓವನ್‌ಗೆ ಇಡಬೇಡಿ, ಬಿಸಿ ಗಾಜಿಗೆ ತಣ್ಣೀರು ತಾಗಿಸಬೇಡಿ. ಒಡೆಯುತ್ತದೆ.

ಹಂತ 5: ಮೂರು ತಿಂಡಿ

*ಹೂರಣ ತುಂಬಿದ ಅಣಬೆ (24)*

ಮಧ್ಯಮ ಗಾತ್ರದ 24 ಬಟನ್ ಅಣಬೆ, ಅಂದರೆ ಸುಮಾರು 450 ಗ್ರಾಂ. ಕಾಂಡವನ್ನು ಮೆಲ್ಲಗೆ ಅಲ್ಲಾಡಿಸಿ ಕಿತ್ತುಕೊಳ್ಳಿ, ಬಿಸಾಡಬೇಡಿ. ಟೋಪಿಗಳಿಗೆ ಎಣ್ಣೆ ಸವರಿ, ಕುಳಿಯ ಭಾಗ ಕೆಳಗೆ ಮಾಡಿ, 200 ಡಿಗ್ರಿಯಲ್ಲಿ 10ರಿಂದ 12 ನಿಮಿಷ ಬೇಯಿಸಿ. ಟ್ರೇ ತುಂಬಾ ಕಂದು ನೀರು ನಿಂತಿರುತ್ತದೆ. ಅದನ್ನು ಬಸಿದು, ಅಣಬೆಗಳನ್ನು ಬಟ್ಟೆಯ ಮೇಲೆ ಒಂದು ನಿಮಿಷ ಬೋರಲು ಇಡಿ.

ಅಷ್ಟರಲ್ಲಿ ಕಾಂಡಗಳನ್ನು ಸಣ್ಣಗೆ ಕೊಚ್ಚಿ, ಒಂದು ಈರುಳ್ಳಿ ಮತ್ತು ಎರಡು ಎಸಳು ಬೆಳ್ಳುಳ್ಳಿ ಜೊತೆ ಬಾಣಲೆಯಲ್ಲಿ ಹುರಿಯಿರಿ. ಚುರ್ ಎನ್ನುವ ಸದ್ದು ನಿಂತು, ತಳ ಒಣಗಿದಂತೆ ಕಾಣುವವರೆಗೆ ಹುರಿಯಬೇಕು. ಆರಿದ ಮೇಲೆ 100 ಗ್ರಾಂ ತುರಿದ ಚೀಸ್, ನಾಲ್ಕು ದೊಡ್ಡ ಚಮಚ ಬ್ರೆಡ್ ಪುಡಿ, ಕಾಳುಮೆಣಸಿನ ಪುಡಿ, ಕೊಚ್ಚಿದ ಸೊಪ್ಪು ಸೇರಿಸಿ. ಚೀಸ್‌ನಲ್ಲೇ ಉಪ್ಪಿರುತ್ತದೆ, ರುಚಿ ನೋಡಿಯೇ ಉಪ್ಪು ಹಾಕಿ. ಬಿಸಿಯಾಗಿರುವಾಗ ಚೀಸ್ ಕಲೆಸಿದರೆ ಅಲ್ಲೇ ಕರಗಿ ಜಿಡ್ಡಾಗುತ್ತದೆ.

ಕುಳಿಯಲ್ಲಿ ಸ್ವಲ್ಪ ಗುಪ್ಪೆಯಾಗಿ ತುಂಬಿ, ಮೇಲೆ ಇನ್ನಷ್ಟು ಬ್ರೆಡ್ ಪುಡಿ ಉದುರಿಸಿ, 200 ಡಿಗ್ರಿಯಲ್ಲಿ 10ರಿಂದ 12 ನಿಮಿಷ. ಮೇಲ್ಭಾಗ ಹೊಂಬಣ್ಣ ಬಂದರೆ ಆಯಿತು.

*ಗರಿಗರಿ ಹೂಕೋಸು (ಸುಮಾರು 30)*

ಇಲ್ಲಿ ಎಲ್ಲರೂ ಎಡವುವುದು ಬ್ರೆಡ್ ಪುಡಿಯಲ್ಲಿ. ಬಿಳಿ ಪುಡಿಯಲ್ಲಿ ಹೊರಳಿಸಿ ಓವನ್‌ಗೆ ಇಡುತ್ತಾರೆ, ಹೂಕೋಸು ಬೆಂದರೂ ಹೊದಿಕೆ ಬಿಳಿಯಾಗಿಯೇ ಉಳಿಯುತ್ತದೆ. ಬಣ್ಣ ಬರಲೆಂದು ಇನ್ನೂ ಹೊತ್ತು ಬಿಡುತ್ತಾರೆ, ಒಳಗೆ ಮೆತ್ತಗಾಗುತ್ತದೆ. ಉಪಾಯ ಸುಲಭ. ಒಂದೂವರೆ ಕಪ್ ಒಣ ಬ್ರೆಡ್ ಪುಡಿಯನ್ನು ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಮೊದಲೇ ಹೊಂಬಣ್ಣಕ್ಕೆ ಹುರಿದಿಡಿ. ತರಿ ತರಿಯಾದ ಪುಡಿ ಇದ್ದರೆ ಇನ್ನೂ ಚೆನ್ನ.

ಕಲಸಲು ಅರ್ಧ ಕಪ್ ಮೈದಾ, ಕಾಲು ಕಪ್ ಕಾರ್ನ್‌ಫ್ಲೋರ್, ಒಂದು ಟೀ ಚಮಚ ಬೆಳ್ಳುಳ್ಳಿ ಪುಡಿ, ಒಂದು ಟೀ ಚಮಚ ಖಾರದ ಪುಡಿ, ಮುಕ್ಕಾಲು ಟೀ ಚಮಚ ಉಪ್ಪು. ಕಾರ್ನ್‌ಫ್ಲೋರ್ ಎಂದರೆ ಮೆಕ್ಕೆಜೋಳದ ಬಿಳಿ ಪಿಷ್ಟ, ಹಳದಿ ಜೋಳದ ಹಿಟ್ಟಲ್ಲ. ನೀರು ಅರ್ಧ ಕಪ್ ಹಾಕಿ ನೋಡಿ, ಬೇಕಿದ್ದರೆ ಚಮಚ ಚಮಚವಾಗಿ ಸೇರಿಸಿ. ಚಮಚದಿಂದ ನಿಧಾನಕ್ಕೆ ಜಾರಿ ಬೀಳುವ ಹದ ಬೇಕು. ನೀರಾದರೆ ಹೊದಿಕೆ ಟ್ರೇ ಮೇಲೆ ಇಳಿದು ನಿಲ್ಲುತ್ತದೆ.

ಸುಮಾರು 600 ಗ್ರಾಂ ಹೂಕೋಸಿನ ತುಂಡುಗಳನ್ನು ಹಿಟ್ಟಿನಲ್ಲಿ ಅದ್ದಿ, ಹೆಚ್ಚಿನದನ್ನು ಕೊಡವಿ, ಹುರಿದ ಪುಡಿಯಲ್ಲಿ ಹೊರಳಿಸಿ. ಒಂದು ಕೈ ಹಿಟ್ಟಿಗೆ, ಇನ್ನೊಂದು ಕೈ ಪುಡಿಗೆ ಮೀಸಲಿಡಿ. ಇಲ್ಲದಿದ್ದರೆ ಬೆರಳುಗಳಿಗೇ ಹೊದಿಕೆ ಬರುತ್ತದೆ. 220 ಡಿಗ್ರಿಯಲ್ಲಿ 22ರಿಂದ 25 ನಿಮಿಷ, 15 ನಿಮಿಷ ಆದಾಗ ಒಮ್ಮೆ ತಿರುವಿ ಹಾಕಿ. ಪುಡಿ ಮೊದಲೇ ಕೆಂಪಗಿರುವುದರಿಂದ ಬೇಗ ಕಪ್ಪಾಗುವಂತೆ ಕಂಡರೆ 200ಕ್ಕೆ ಇಳಿಸಿ. ಸಾಸ್‌ನಲ್ಲಿ ಹೊರಳಿಸಿ ಕೊಡುವ ಆಸೆ ಇದ್ದರೆ ತಟ್ಟೆಗೆ ಹಾಕುವ ಮುಂಚೆಯಷ್ಟೇ ಮಾಡಿ. ಪಾರ್ಟಿಗೆ ಸಾಸ್ ಪಕ್ಕದಲ್ಲಿಡುವುದೇ ಕ್ಷೇಮ.

*ಆಲೂಗಡ್ಡೆ ಬಿಲ್ಲೆ (24)*

ಒಂದು ಸೆಂಟಿಮೀಟರ್ ದಪ್ಪದ ಬಿಲ್ಲೆ ಕತ್ತರಿಸಿ. ಕುದಿಯುವ ನೀರಿಗೆ ಉಪ್ಪು, ಲೀಟರಿಗೆ ಕಾಲು ಟೀ ಚಮಚ ಅಡುಗೆ ಸೋಡಾ ಹಾಕಿ 4ರಿಂದ 5 ನಿಮಿಷ ಬೇಯಿಸಿ. ಸೋಡಾ ಆಲೂಗಡ್ಡೆಯ ಹೊರಪದರವನ್ನು ಸಡಿಲ ಮಾಡಿ ತರಿ ತರಿಯಾಗಿಸುತ್ತದೆ, ಓವನ್‌ನಲ್ಲಿ ಆ ತರಿಯೇ ಗರಿಗರಿಯಾಗುವುದು. ಜಾಸ್ತಿ ಸೋಡಾ ಹಾಕಿದರೆ ಸೋಪಿನ ರುಚಿ ಬರುತ್ತದೆ, ಜಾಸ್ತಿ ಹೊತ್ತು ಬಿಟ್ಟರೆ ಬಿಲ್ಲೆ ಪುಡಿಯಾಗುತ್ತದೆ. ಬಸಿದು, ಹಬೆ ಪೂರ್ತಿ ಹೋಗುವ ತನಕ ಹರಡಿಡಿ. ಎಣ್ಣೆ ಸವರಿ, 220 ಡಿಗ್ರಿಯಲ್ಲಿ 25ರಿಂದ 30 ನಿಮಿಷ, ನಡುವೆ ತಿರುವಿ ಹಾಕಿ. ಬಿಲ್ಲೆಯನ್ನು ಬೇಗ ಕದಲಿಸಲು ಹೋಗಬೇಡಿ. ತಳ ಕೆಂಪಗಾದರೆ ತಾನಾಗಿಯೇ ಬಿಡುತ್ತದೆ.

ಸಿಹಿಗೆಣಸಿನಲ್ಲೂ ಮಾಡಬಹುದು. ಅದನ್ನು ಮೊದಲು ಕುದಿಸಬೇಕಾಗಿಲ್ಲ, 200 ಡಿಗ್ರಿ ಸಾಕು. ಅದರಲ್ಲಿ ಸಕ್ಕರೆ ಇರುವುದರಿಂದ ಬೇಗ ಸೀಯುತ್ತದೆ.

ಮೇಲಿಡಲು ಗಟ್ಟಿ ಮೊಸರು. ಒಂದು ಕಪ್ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ, ಫ್ರಿಜ್‌ನಲ್ಲೇ ಎರಡು ಮೂರು ಗಂಟೆ ನೀರಿಳಿಯಲು ಬಿಟ್ಟು, ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಕೊಚ್ಚಿದ ಸೊಪ್ಪು ಬೆರೆಸಿ. ಇದೇ ಹೂಕೋಸಿಗೆ ಅದ್ದಿಕೊಳ್ಳಲೂ ಆಗುತ್ತದೆ, ಹಾಗಾಗಿ ಎರಡು ಕಪ್ ಮಾಡಿಡಿ. ಬಿಲ್ಲೆ ಮೇಲೆ ಮೊಸರು ಇಡುವುದು ತಟ್ಟೆ ಹೊರಗೆ ಹೋಗುವ ಹೊತ್ತಿಗೆ ಮಾತ್ರ.

ಹಂತ 6: ಯಾವಾಗ ಏನು ಮಾಡಬೇಕು

ಹಿಂದಿನ ದಿನ: ಅಣಬೆ ಬೇಯಿಸಿ, ನೀರು ಬಸಿದು, ಆರಿಸಿ, ಹೂರಣ ತುಂಬಿ ಫ್ರಿಜ್‌ನಲ್ಲಿಡಿ. ಮೇಲಿನ ಬ್ರೆಡ್ ಪುಡಿ ಮಾತ್ರ ಈಗ ಬೇಡ. ಹೂಕೋಸಿನ ಬ್ರೆಡ್ ಪುಡಿ ಹುರಿದು ಡಬ್ಬಿಯಲ್ಲಿ ಹಾಕಿಡಿ. ಮೊಸರನ್ನು ಕಟ್ಟಿಡಿ. ಹೂಕೋಸಿಗೆ ಹಿಟ್ಟಿನ ಹೊದಿಕೆ ಹಾಕಿ ರಾತ್ರಿಯಿಡೀ ಇಡುವುದು ಬೇಡ, ಒದ್ದೆಯಾಗಿ ಕಳಚಿಕೊಳ್ಳುತ್ತದೆ.

ಆ ದಿನ, ಅತಿಥಿಗಳು ಬರುವ ಎರಡು ಗಂಟೆ ಮುಂಚೆ: ಹೂಕೋಸು ಮತ್ತು ಆಲೂಗಡ್ಡೆಯನ್ನು ಒಂದಾದ ಮೇಲೊಂದು 220ರಲ್ಲಿ ಬೇಯಿಸಿ. ತೆಗೆದ ಕೂಡಲೇ ತಂತಿ ಜಾಲರಿ ಮೇಲೆ ಹರಡಿ. ಬಿಸಿ ಇರುವಾಗ ಡಬ್ಬಿಗೆ ಹಾಕಿ ಮುಚ್ಚುವುದು, ಫಾಯಿಲ್ ಹೊದಿಸುವುದು, ಒಂದರ ಮೇಲೊಂದು ಪೇರಿಸುವುದು ಬೇಡ. ಈ ಮೂರರಲ್ಲಿ ಯಾವುದನ್ನು ಮಾಡಿದರೂ ಅಷ್ಟು ಹೊತ್ತು ಕಷ್ಟಪಟ್ಟು ಓಡಿಸಿದ ನೀರು ಹಬೆಯಾಗಿ ವಾಪಸ್ ಬರುತ್ತದೆ.

ಅತಿಥಿಗಳು ಬಂದಾಗ: ಓವನ್ 200ಕ್ಕೆ ಇಳಿಸಿ, ಅಣಬೆಗೆ ಬ್ರೆಡ್ ಪುಡಿ ಉದುರಿಸಿ ಒಳಗಿಡಿ. ಫ್ರಿಜ್‌ನಿಂದ ಬಂದಿದ್ದಕ್ಕೆ ಎರಡು ಮೂರು ನಿಮಿಷ ಜಾಸ್ತಿ ಹಿಡಿಯುತ್ತದೆ. ಆಮೇಲೆ ಉಳಿದೆರಡನ್ನು ಅದೇ ಬಿಸಿಯಲ್ಲಿ 8 ನಿಮಿಷ, ಮುಚ್ಚದೆ ಬಿಸಿ ಮಾಡಿ. ಮೈಕ್ರೋವೇವ್ ಮೋಡ್‌ನಲ್ಲಿ ಬಿಸಿ ಮಾಡಬೇಡಿ, ಹೊದಿಕೆ ಒಂದೇ ನಿಮಿಷದಲ್ಲಿ ರಬ್ಬರ್ ಆಗುತ್ತದೆ.

ಹಂತ 7: ಬಡಿಸುವಾಗ

ಎಲ್ಲವನ್ನೂ ಒಮ್ಮೆಲೇ ಮೇಜಿನ ಮೇಲೆ ಇಡಬೇಡಿ. ಸಣ್ಣ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪ ಕಳಿಸಿ, ಖಾಲಿಯಾದಂತೆ ಓವನ್‌ನಿಂದ ಹೊಸದು ತನ್ನಿ. ಬಿಸಿಯೂ ಉಳಿಯುತ್ತದೆ, ಆಹಾರವೂ ಕೆಡುವುದಿಲ್ಲ. 5ರಿಂದ 60 ಡಿಗ್ರಿ ನಡುವಿನ ಬಿಸಿಯಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಚೀಸ್, ಮೊಸರು, ಬೇಯಿಸಿದ ತರಕಾರಿ ಯಾವುದನ್ನೂ ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಸೆಕೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ.

ಹಾಲಿನ ಪದಾರ್ಥ, ಗೋಧಿ, ಬೀಜಗಳು ಆಗದವರು ಬರಬಹುದು. ಯಾವುದರಲ್ಲಿ ಏನಿದೆ ಎಂದು ಒಂದು ಸಣ್ಣ ಚೀಟಿ ಬರೆದು ತಟ್ಟೆ ಪಕ್ಕ ಇಟ್ಟರೆ ಪ್ರತಿಯೊಬ್ಬರಿಗೂ ಹೇಳುತ್ತಾ ಕೂರುವುದು ತಪ್ಪುತ್ತದೆ. ಹಾಲು, ಗೋಧಿ ಎರಡೂ ಆಗದವರಿಗೆ ಮೊಸರಿಲ್ಲದ ಆಲೂಗಡ್ಡೆ ಬಿಲ್ಲೆ ಸುಲಭದ ದಾರಿ. ಆದರೆ ಅದನ್ನು ಹೂಕೋಸಿನ ಬ್ರೆಡ್ ಪುಡಿ ಉದುರಿದ ಟ್ರೇಯಲ್ಲಿ ಬೇಯಿಸಬಾರದು, ಬೇರೆ ಕಾಗದ ಹಾಕಿ.

ಉಳಿದರೆ ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಮರುದಿನ ಹೂಕೋಸು, ಆಲೂಗಡ್ಡೆಯನ್ನು 200 ಡಿಗ್ರಿಯಲ್ಲಿ 10 ನಿಮಿಷ ಇಟ್ಟರೆ ಸಾಕಷ್ಟು ಗರಿಗರಿ ವಾಪಸ್ ಬರುತ್ತದೆ. ಅಣಬೆ ಮಾತ್ರ ಮೊದಲಿನ ಹಾಗಾಗುವುದಿಲ್ಲ. ಅದನ್ನು ಕೊಚ್ಚಿ ಆಮ್ಲೆಟ್‌ಗೋ ಸ್ಯಾಂಡ್‌ವಿಚ್‌ಗೋ ಹಾಕಿಬಿಡಿ.